ನಾಲ್ಕು ಮಿಲಿಮೀಟರ್ ಸಿಲಿಕಾನ್ ಚೂರು ಪ್ರೋಟಾನ್‌ಗಳ ದಾರಿ ತಿರುಗಿಸುವುದು ನಿಜವೇ?

ಪಿಯು ಮೇಷ್ಟ್ರು | ಸೋಮವಾರ, ಸಂಜೆ 6:50

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ತರಗತಿಯಲ್ಲಿ ಚಲಿಸುವ ವಿದ್ಯುದಾವೇಶದ ಮೇಲೆ ಕಾಂತಕ್ಷೇತ್ರ ಹಾಕುವ ಬಲದ ಪಾಠ ಮುಗಿಸಿದೆ. ಉದಾಹರಣೆಗೆಂದು ಜಿನೀವಾ ಬಳಿ ಪ್ರೋಟಾನ್‌ಗಳನ್ನು ಸುತ್ತಿಸಿ ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಸುರಂಗವನ್ನು ಎತ್ತಿಕೊಂಡೆ. ತಲಾ 14.3 ಮೀಟರ್ ಉದ್ದದ 1,232 ಅಯಸ್ಕಾಂತಗಳು, 8.3 ಟೆಸ್ಲಾ, ಮೈನಸ್ 271 ಡಿಗ್ರಿ ಚಳಿ ಎಂದೆಲ್ಲ ಹೇಳಿ ಮಕ್ಕಳ ಕಣ್ಣರಳಿಸಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಅಲ್ಲಿ ಸಿಲಿಕಾನ್ ಹರಳಿನಿಂದಲೂ ಪ್ರೋಟಾನ್ ತಿರುಗಿಸುತ್ತಾರಂತಲ್ಲ, ಅದು ಹೇಗೆ?" ಎಂದಳು. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಆ ನಾಳೆ ಬಂದು ಹೋಗಿ ನಾಲ್ಕು ದಿನವಾಯಿತು, ನಾನು ಕಾರಿಡಾರಿನಲ್ಲಿ ಅವಳನ್ನು ಕಂಡರೆ ಸ್ಟಾಫ್ ರೂಮಿಗೆ ನುಗ್ಗುತ್ತಿದ್ದೇನೆ. ಬಲ್ಲವರು ದಯವಿಟ್ಟು ಕಾಪಾಡಿ.


ಮಲೆನಾಡಿಗ | ಸೋಮವಾರ, ರಾತ್ರಿ 9:40

ಮೇಷ್ಟ್ರೇ, ಹುಡುಗಿ ಹೇಳಿದ್ದು ಸರಿ. ನಾನು ಯುರೋಪಿನಲ್ಲಿ ಕಣವೇಗವರ್ಧಕಗಳ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆಯ ಅಡಿಕೆ ತೋಟವನ್ನು ನೋಡಿರುತ್ತೀರಿ. ಮೊದಲು ಬರೀ ಕಾಂಡಗಳ ಗೊಂದಲ. ಬಸ್ಸು ಒಂದು ಜಾಗಕ್ಕೆ ಬರುತ್ತಲೇ ಸಾಲು ಥಟ್ಟನೆ ತೆರೆದುಕೊಂಡು ತೋಟದ ಆ ತುದಿಯ ಕೆರೆ ಏರಿ ಕಾಣಿಸುತ್ತದೆ. ಮರುಕ್ಷಣ ಮತ್ತೆ ಗೊಂದಲ. ಸಿಲಿಕಾನ್ ಹರಳೂ ಅಂಥದೇ ಒಂದು ತೋಟ, ಮರಗಳ ಬದಲು ಪರಮಾಣುಗಳು. ಸರಿಯಾದ ದಿಕ್ಕಿನಿಂದ ನೋಡಿದರೆ ಪರಮಾಣುಗಳ ಹಾಳೆಗಳು ಗೋಡೆಗಳಂತೆ ನಿಂತಿರುತ್ತವೆ, ನಡುವೆ ಸುಮಾರು 0.19 ನ್ಯಾನೊಮೀಟರ್ ಅಗಲದ ಓಣಿ. ಗೋಡೆಯಲ್ಲಿರುವ ನ್ಯೂಕ್ಲಿಯಸ್‌ಗಳು ಧನಾವೇಶದವು, ಪ್ರೋಟಾನೂ ಧನಾವೇಶದ್ದೇ. ಎಡಗೋಡೆಯ ಹತ್ತಿರ ಹೋದರೆ ಅದು ಬಲಕ್ಕೆ ತಳ್ಳುತ್ತದೆ, ಬಲಗೋಡೆ ಎಡಕ್ಕೆ ತಳ್ಳುತ್ತದೆ. ಓಣಿಯ ದಿಕ್ಕಿನಲ್ಲೇ ಒಳಹೊಕ್ಕ ಪ್ರೋಟಾನ್ ಯಾವ ಗೋಡೆಗೂ ತಾಗದೆ ನಡುವೆ ಮೆಲ್ಲಗೆ ಬಳುಕುತ್ತ ಸಾಗುತ್ತದೆ. ಇದಕ್ಕೆ ಚಾನೆಲಿಂಗ್ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಓಣಿಯೋಟ ಎಂದು ಕರೆದುಕೊಳ್ಳುತ್ತೇನೆ, ಒಳ್ಳೆಯ ಪದ ಇದ್ದರೆ ತಿಳಿಸಿ.

ಇನ್ನು ಉಳಿದದ್ದು ಒಂದೇ ಹೆಜ್ಜೆ. ಹರಳನ್ನು ತುಸು ಬಗ್ಗಿಸಿದರೆ ಓಣಿಯೂ ಬಗ್ಗುತ್ತದೆ, ಒಳಗಿರುವ ಪ್ರೋಟಾನೂ ಅದರ ಜೊತೆ ತಿರುಗುತ್ತದೆ. ಎಲ್‌ಎಚ್‌ಸಿಯಲ್ಲಿ ಬಳಸುವ ಹರಳಿನ ಉದ್ದ 4 ಮಿಲಿಮೀಟರ್, ತಿರುಗಿಸುವ ಕೋನ 50 ಮೈಕ್ರೋರೇಡಿಯನ್. ಅಂದರೆ ಒಂದು ಕಿಲೋಮೀಟರ್ ದೂರ ಹೋದಾಗ 5 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ. ಅಷ್ಟೇ ಎನ್ನಬೇಡಿ. 7 ಟಿಇವಿ (7 ಲಕ್ಷ ಕೋಟಿ ಇಲೆಕ್ಟ್ರಾನ್ ವೋಲ್ಟ್) ಶಕ್ತಿಯ ಪ್ರೋಟಾನನ್ನು ಅಷ್ಟು ಗಿಡ್ಡ ಜಾಗದಲ್ಲಿ ಅಷ್ಟು ತಿರುಗಿಸಲು ಅಯಸ್ಕಾಂತ ಬಳಸಬೇಕೆಂದರೆ ಸುಮಾರು 300 ಟೆಸ್ಲಾ ಬೇಕು. ಹರಳಿಗೆ ವಿದ್ಯುತ್ತು ಬೇಡ, ದ್ರವ ಹೀಲಿಯಂ ಬೇಡ.


ಅನುಮಾನಪ್ಪ | ಸೋಮವಾರ, ರಾತ್ರಿ 10:15

ಮಲೆನಾಡಿಗರೇ, ತೋಟದ ಉಪಮೆ ಚೆನ್ನಾಗಿದೆ. ಆದರೆ ಉಪಮೆ ಚೆನ್ನಾಗಿದ್ದಷ್ಟೂ ನನ್ನ ಅನುಮಾನ ಜಾಸ್ತಿ. ಆ ಪರಮಾಣು ಗೋಡೆಯ ಎತ್ತರ, ಅಂದರೆ ಅದನ್ನು ದಾಟಲು ಬೇಕಾದ ಶಕ್ತಿ ಎಷ್ಟು? ನಾನು ಹುಡುಕಿದಂತೆ 20 ಇಲೆಕ್ಟ್ರಾನ್ ವೋಲ್ಟ್ ಆಸುಪಾಸು. ಪ್ರೋಟಾನಿನ ಶಕ್ತಿ 7 ಲಕ್ಷ ಕೋಟಿ ಇಲೆಕ್ಟ್ರಾನ್ ವೋಲ್ಟ್. ಆನೆಯನ್ನು ನೂಲಿನ ಬೇಲಿ ಕಟ್ಟಿ ತಡೆದಂತಾಯಿತು. 300 ಟೆಸ್ಲಾ ಎಂಬುದನ್ನೂ ಲೆಕ್ಕ ಹಾಕಿ ತೋರಿಸಿ.


ಮಲೆನಾಡಿಗ | ಮಂಗಳವಾರ, ಬೆಳಿಗ್ಗೆ 11:20

ಲೆಕ್ಕ ಮೊದಲು. ಸಂವೇಗವನ್ನು ಜಿಇವಿಯಲ್ಲಿಟ್ಟು (ಟಿಇವಿಯ ಸಾವಿರದಲ್ಲೊಂದು ಪಾಲು) 0.3ರಿಂದ ಭಾಗಿಸಿದರೆ ಟೆಸ್ಲಾ-ಮೀಟರ್ ಬರುತ್ತದೆ. 7000 ಭಾಗಿಸು 0.3 ಎಂದರೆ ಸುಮಾರು 23,300. ಅದನ್ನು 50 ಮೈಕ್ರೋರೇಡಿಯನ್‌ನಿಂದ ಗುಣಿಸಿ, 1.17 ಬಂತು. ಅದನ್ನು 0.004 ಮೀಟರಿನಿಂದ ಭಾಗಿಸಿ, 290 ಚಿಲ್ಲರೆ.

ಆನೆ ಮತ್ತು ನೂಲಿನ ಪ್ರಶ್ನೆ ಇಡೀ ವಿಷಯದ ತಿರುಳು. ಆನೆ ಬೇಲಿಗೆ ಎದುರಾಗಿ ನುಗ್ಗಿದರೆ ನೂಲು ಉಳಿಯುವುದಿಲ್ಲ, ಒಪ್ಪಿದೆ. ಆದರೆ ಆನೆ ಬೇಲಿಯ ಗುಂಟವೇ ಓಡುತ್ತಿದೆ. ಪಕ್ಕಕ್ಕೆ ಸರಿಯುವ ವೇಗ ಅದಕ್ಕೆ ಇಲ್ಲವೆಂಬಷ್ಟು ಕಡಿಮೆ. ಬೇಲಿ ತಡೆಯಬೇಕಾದದ್ದು ಆ ಅಡ್ಡಚಲನೆಯನ್ನು ಮಾತ್ರ, ಮುನ್ನುಗ್ಗುವ ಓಟವನ್ನಲ್ಲ. ಅಡ್ಡಚಲನೆಯ ಶಕ್ತಿ ಆ 20 ಇಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆಯಿದ್ದರೆ ಪ್ರೋಟಾನ್ ಓಣಿಯಲ್ಲೇ ಉಳಿಯುತ್ತದೆ.

ಇದರಿಂದ ಬರುವ ಷರತ್ತು ಬಹಳ ಕಠಿಣ. ಗೋಡೆಯ ಎತ್ತರದ ಎರಡರಷ್ಟನ್ನು ಕಣದ ಶಕ್ತಿಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಪ್ರೋಟಾನ್ ಓಣಿಯ ದಿಕ್ಕಿಗೆ ಹೆಚ್ಚೆಂದರೆ ಎಷ್ಟು ಓರೆಯಾಗಿ ಬರಬಹುದೋ ಆ ಕೋನ ಸಿಗುತ್ತದೆ, 7 ಟಿಇವಿಗೆ 2.4 ಮೈಕ್ರೋರೇಡಿಯನ್. ಕಿಲೋಮೀಟರ್ ದೂರದಲ್ಲಿ ಎರಡೂವರೆ ಮಿಲಿಮೀಟರ್! ಅದಕ್ಕಿಂತ ಒಂದು ಕೂದಲೆಳೆ ಓರೆಯಾಗಿ ಬಂದರೂ ಓಣಿ ಸಿಗುವುದಿಲ್ಲ, ಹರಳು ಬರೀ ಕಲ್ಲಿನ ಚೂರಾಗಿಬಿಡುತ್ತದೆ. ಬಲದ ಕೊರತೆ ಇಲ್ಲಿ ಎಂದೂ ಇಲ್ಲ, ಓಣಿಯ ಒಳಗಿನ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ 500 ಕೋಟಿ ವೋಲ್ಟ್ ದಾಟುತ್ತದೆ. ನಮ್ಮವರು ಹೆಣಗುವುದೆಲ್ಲ ಕೋನಕ್ಕಾಗಿ.


ಸಿಲಿಕಾನ್ ಶೆಟ್ಟಿ | ಮಂಗಳವಾರ, ಮಧ್ಯಾಹ್ನ 1:05

ಇಲ್ಲಿ ಬಾಯಿ ಹಾಕದೆ ಇರಲು ಆಗುತ್ತಿಲ್ಲ. ನೀವೆಲ್ಲ ಓಣಿ ಹುಡುಕಿಕೊಂಡು ಹೋಗುವವರು, ನಾನು ಹನ್ನೊಂದು ವರ್ಷ ಓಣಿ ತಪ್ಪಿಸಿ ಸಂಬಳ ತೆಗೆದುಕೊಂಡವನು.

ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ಬಿಲ್ಲೆಯೊಳಗೆ ಬೋರಾನ್ ಅಯಾನುಗಳನ್ನು ಹೊಡೆಯುತ್ತೇವೆ. ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಮೊದಲೇ ನಿಗದಿ. ಬಿಲ್ಲೆಯನ್ನು ನೆಟ್ಟಗೆ ಇಟ್ಟರೆ ಕೆಲವು ಅಯಾನುಗಳಿಗೆ ಓಣಿ ಸಿಕ್ಕಿ, ಹೇಳಿದ ಆಳ ದಾಟಿ ತಳಕ್ಕೆ ಹೋಗಿ ಕೂರುತ್ತವೆ. ಅದಕ್ಕೇ ಬಿಲ್ಲೆಯನ್ನು 7 ಡಿಗ್ರಿ ಓರೆ ಮಾಡಿ ಇಡುವುದು ಹಳೆಯ ರೂಢಿ. ಜೊತೆಗೆ ತನ್ನ ಅಕ್ಷದ ಸುತ್ತ ತುಸು ತಿರುಚಿಯೂ ಇಡುತ್ತೇವೆ, ಇಲ್ಲವಾದರೆ ಅಕ್ಷದ ಓಣಿ ತಪ್ಪಿದರೂ ಹಾಳೆಗಳ ನಡುವಿನ ಓಣಿ ಸಿಕ್ಕಿಬಿಡುತ್ತದೆ.

ಒಮ್ಮೆ ದುರಸ್ತಿಯಾದ ಮೇಲೆ ಯಂತ್ರದ ತಟ್ಟೆ ಸೊನ್ನೆ ಡಿಗ್ರಿಯಲ್ಲೇ ನಿಂತಿತ್ತು, ಪರದೆ ಮಾತ್ರ 7 ಎಂದು ತೋರಿಸುತ್ತಿತ್ತು. ರಾತ್ರಿ ಪಾಳಿಯಲ್ಲಿ ಇಡೀ ಪೆಟ್ಟಿಗೆ, 25 ಬಿಲ್ಲೆ, ಹೊಡೆದು ಕಳುಹಿಸಿದೆವು. ಆಳದ ನಕ್ಷೆ ತೆಗೆದಾಗ ಗುಡ್ಡದಂತಿರಬೇಕಾದ ರೇಖೆಗೆ ಬಲಕ್ಕೆ ಉದ್ದನೆಯ ಬಾಲ. ನನ್ನ ಮೇಲಧಿಕಾರಿ ಆ ಬಾಲವನ್ನೇ ಬೆರಳಿನಿಂದ ಸವರುತ್ತ "ಇದು ಯಾರ ಬಾಲ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮಲೆನಾಡಿಗರು ಯಾವ ಓಟಕ್ಕೆ ಪದವಿ ಪಡೆಯಲಿದ್ದಾರೋ ಅದೇ ಓಟಕ್ಕೆ ನಾನು ಲಿಖಿತ ವಿವರಣೆ ಕೊಟ್ಟೆ.


ನಿವೃತ್ತ ಉಪನ್ಯಾಸಕ | ಮಂಗಳವಾರ, ಸಂಜೆ 5:30

ಚರಿತ್ರೆಯ ಎರಡು ಮಾತು. ಹರಳಿನ ಸಾಲುಗಳ ನಡುವೆ ಕಣಗಳು ಸಲೀಸಾಗಿ ಸಾಗಬಹುದು ಎಂದು 1912ರಲ್ಲೇ ಊಹಿಸಿದವನು ಯೊಹಾನೆಸ್ ಸ್ಟಾರ್ಕ್, ಮುಂದೆ ನೊಬೆಲ್ ಪಡೆದು ಆಮೇಲೆ ಹಿಟ್ಲರನ ಬಾಲಬಡುಕನಾದವನು. ಅದೇ ವರ್ಷ ಹರಳಿನಲ್ಲಿ ಎಕ್ಸ್‌ಕಿರಣಗಳ ವಿವರ್ತನೆ ಪತ್ತೆಯಾಗಿ ಎಲ್ಲರ ಗಮನ ಅತ್ತ ಹೋಯಿತು, ಈ ಊಹೆ ಐವತ್ತು ವರ್ಷ ಮೂಲೆ ಸೇರಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ರಾಬಿನ್ಸನ್ ಮತ್ತು ಓಯೆನ್ ಎಂಬವರು ತಾಮ್ರದೊಳಗೆ ತಾಮ್ರದ ಅಯಾನುಗಳು ಎಷ್ಟು ದೂರ ಹೋಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದರು. ಕೆಲವು ಅಯಾನುಗಳು ನಿರೀಕ್ಷೆ ಮೀರಿ ದೂರ ಓಡಿದವು. ಪ್ರಯೋಗಗಳೂ ಅದನ್ನೇ ಹೇಳಿದವು. 1965ರಲ್ಲಿ ಡೆನ್ಮಾರ್ಕಿನ ಯೆನ್ಸ್ ಲಿಂಡ್‌ಹಾರ್ಡ್ ಸಿದ್ಧಾಂತ ಕೊಟ್ಟ. ಮಲೆನಾಡಿಗರು ಹೇಳಿದ ಕೋನಕ್ಕೆ ಅವನದೇ ಹೆಸರು. ಬಗ್ಗಿಸಿದ ಹರಳಿನ ಯೋಚನೆ ಎಡ್ವರ್ಡ್ ತ್ಸಿಗಾನೊವ್‌ನದು, 1976. ಮೂರು ವರ್ಷದಲ್ಲಿ ರಷ್ಯಾದ ದುಬ್ನಾದಲ್ಲಿ 8.4 ಜಿಇವಿ ಪ್ರೋಟಾನ್‌ಗಳು ನಿಜವಾಗಿಯೂ ತಿರುಗಿದವು.

ಓಣಿಯೋಟ ಎಂಬ ಪದಕ್ಕೆ ನನ್ನ ಒಂದು ಮತ. ಧಾರವಾಡದ ಕಡೆಯವನಾದ್ದರಿಂದ ಓಣಿ ಎಂದರೆ ನನಗೆ ಮನೆ ಎಂದೇ ಅರ್ಥ.


ಪುಷ್ಯರಾಗ | ಮಂಗಳವಾರ, ರಾತ್ರಿ 8:10

ಕ್ಷಮಿಸಿ, ಶೀರ್ಷಿಕೆಯಲ್ಲಿ ದಾರಿ ತಿರುಗಿಸುವ ಹರಳು ಎಂದು ಓದಿ ಗ್ರಹಚಾರದ ಉಂಗುರದ ವಿಷಯ ಅಂದುಕೊಂಡು ಬಂದೆ. ಅಕ್ಕಸಾಲಿಗರ ಮನೆಯವಳು ನಾನು. ಬಂದವಳು ಪೂರ್ತಿ ಓದಿದೆ. ಒಂದು ಪ್ರಶ್ನೆ ಇದೆ. ಸಿಲಿಕಾನ್ ಬಿಟ್ಟು ವಜ್ರ ಆಗುವುದಿಲ್ಲವೇ? ಮತ್ತೆ, ಹರಳನ್ನು ಬಗ್ಗಿಸುವುದು ಎಂದರೇನು, ಒಡೆಯುವುದಿಲ್ಲವೇ?


ಮಲೆನಾಡಿಗ | ಮಂಗಳವಾರ, ರಾತ್ರಿ 11:50

ಪುಷ್ಯರಾಗ ಅವರೇ, ಎರಡನೆಯ ಪ್ರಶ್ನೆ ಮೊದಲು. ಬಾಗಿದ ಹರಳಿನ ತ್ರಿಜ್ಯ 80 ಮೀಟರ್. 4 ಮಿಲಿಮೀಟರ್ ಉದ್ದಕ್ಕೆ ಅದರ ನಡು ಉಬ್ಬುವುದು ಬರೀ 25 ನ್ಯಾನೊಮೀಟರ್. ಕಣ್ಣಿಗೆ ಅದು ಚಪ್ಪಟೆಯೇ. ಬಗ್ಗಿಸುವ ಉಪಾಯ ಸೊಗಸಾಗಿದೆ. ಶಾಲೆಯ ರಬ್ಬರನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೆ ಬಗ್ಗಿಸಿ, ಅಡ್ಡಡ್ಡವಾಗಿಯೂ ಅದು ಉಲ್ಟಾ ದಿಕ್ಕಿಗೆ ಬಾಗಿ ಕುದುರೆಯ ಜೀನಿನಂತಾಗುತ್ತದೆ. ಹರಳಿನ ಎತ್ತರದ ಪಟ್ಟಿಯನ್ನು ಟೈಟಾನಿಯಂ ಹಿಡಿಕೆಯಲ್ಲಿ ಹೀಗೆ ಒತ್ತಿ ಹಿಡಿಯುತ್ತಾರೆ. ನಾವು ಕೈಯಿಂದ ಕೊಟ್ಟ ಬಾಗು ಒಂದು ಕಡೆ, ಕಣಗಳಿಗೆ ಬೇಕಾದ ಸಣ್ಣ ಬಾಗು ಅದರ ಉಪಫಲವಾಗಿ ಇನ್ನೊಂದು ಕಡೆ. ಇಟಲಿಯ ಫೆರಾರಾದವರು ಇದರಲ್ಲಿ ಪಳಗಿದವರು.

ಈಗ ಇದರ ಬಳಕೆ. ಎಲ್‌ಎಚ್‌ಸಿಯಲ್ಲಿ ಕಣಪುಂಜದ ಅಂಚಿನಲ್ಲಿ ಯಾವಾಗಲೂ ಒಂದಿಷ್ಟು ಅಲೆಮಾರಿ ಕಣಗಳು ಇರುತ್ತವೆ. ಅವು ಅತಿವಾಹಕ ಅಯಸ್ಕಾಂತಕ್ಕೆ ಬಿದ್ದರೆ ಅದು ಬಿಸಿಯಾಗಿ ಅತಿವಾಹಕತೆ ಕಳೆದುಕೊಳ್ಳುತ್ತದೆ. ಹಾಗಾಗದಂತೆ ದಪ್ಪ ದವಡೆಗಳನ್ನಿಟ್ಟು ಅವನ್ನು ಕೆರೆದು ತೆಗೆಯುತ್ತಾರೆ. ಪ್ರೋಟಾನಿಗೆ ಇದು ಸಾಕು. ಸೀಸದ ಅಯಾನುಗಳಿಗೆ ಸಾಲದು: ಸೀಸದ ನ್ಯೂಕ್ಲಿಯಸ್ ದವಡೆಗೆ ಬಡಿದು ಚೂರುಚೂರಾಗುತ್ತದೆ, ಚೂರುಗಳು ಕೈತಪ್ಪಿ ಮುಂದಿನ ಅಯಸ್ಕಾಂತಕ್ಕೆ ಹೋಗಿ ಬೀಳುತ್ತವೆ. ಹರಳು ಅವನ್ನು ಒಡೆಯದೆ, ಇಡಿಯಾಗಿ ಎತ್ತಿ ಕಣಗಳನ್ನು ಹೀರಿಕೊಳ್ಳುವ ದಿಮ್ಮಿ, ಅಂದರೆ ಹೀರುಗಲ್ಲಿನ ಮೇಲೆ ಹಾಕುತ್ತದೆ. ಎಲ್‌ಎಚ್‌ಸಿ ನಡೆಸುವ ಸರ್ನ್ ಸಂಸ್ಥೆಯ ಎಸ್‌ಪಿಎಸ್ ಎಂಬ ಚಿಕ್ಕ ವೇಗವರ್ಧಕ ವರ್ತುಲದಲ್ಲಿ ಯುಎ9 ಎಂಬ ತಂಡ ವರ್ಷಗಟ್ಟಲೆ ಇದನ್ನು ಹದಗೊಳಿಸಿತು. 2015ರಲ್ಲಿ ಎಲ್‌ಎಚ್‌ಸಿಯಲ್ಲಿ 6.5 ಟಿಇವಿ ಪ್ರೋಟಾನ್‌ಗಳು ಓಣಿ ಹಿಡಿದವು. 2023ರ ಸೀಸದ ಓಟದಲ್ಲಿ ನಾಲ್ಕು ಹರಳುಗಳು, ಪ್ರತಿ ಪುಂಜಕ್ಕೂ ಎರಡೆರಡು, ದಿನನಿತ್ಯದ ಕೆಲಸಕ್ಕೆ ಇಳಿದವು.

ಕೋನ ಹೊಂದಿಸುವುದನ್ನು ಹತ್ತಿರದಿಂದ ನೋಡಿದರೆ ಬೆರಗಾಗುತ್ತದೆ. ಹರಳನ್ನು ಹೊತ್ತ ತಿರುಗುಮಣೆ ಮೈಕ್ರೋರೇಡಿಯನ್‌ಗಿಂತ ಸಣ್ಣ ಹೆಜ್ಜೆಗಳಲ್ಲಿ ಸುತ್ತುತ್ತದೆ. ಹರಳಿನ ಪಕ್ಕದಲ್ಲಿ ಕಣನಷ್ಟ ಅಳೆಯುವ ಉಪಕರಣವಿದೆ. ಓಣಿ ತಪ್ಪಿದಾಗ ಕಣಗಳು ನ್ಯೂಕ್ಲಿಯಸ್‌ಗಳಿಗೆ ಬಡಿಯುವುದರಿಂದ ಅದರ ರೇಖೆ ಮೇಲೆಯೇ ಇರುತ್ತದೆ. ಸುತ್ತುತ್ತ ಸುತ್ತುತ್ತ ಒಂದು ಕಡೆ ರೇಖೆ ಗುಂಡಿಗೆ ಬಿದ್ದಂತೆ ಧೊಪ್ಪನೆ ಇಳಿಯುತ್ತದೆ, ಅದೇ ಗಳಿಗೆಯಲ್ಲಿ ಮುಂದಿನ ಹೀರುಗಲ್ಲಿನ ರೇಖೆ ಏರುತ್ತದೆ. ಬಸ್ಸಿನ ಕಿಟಕಿಯಲ್ಲಿ ಸಾಲು ತೆರೆದುಕೊಂಡಿತಲ್ಲ, ಅದೇ ಅದು.

ವಜ್ರದ ಪ್ರಶ್ನೆಯನ್ನು ಬೆಳಕಿನವರಿಗೆ ಬಿಡುತ್ತೇನೆ.


ಬೆಳಕಿನ ಬೆನ್ನಟ್ಟಿ | ಬುಧವಾರ, ಬೆಳಿಗ್ಗೆ 7:15

ಬಂದೆ. ವಜ್ರ ಆಗುತ್ತದೆ, ಆಗಿದೆ. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ 12 ಜಿಇವಿ ಇಲೆಕ್ಟ್ರಾನ್‌ಗಳನ್ನು 50 ಮೈಕ್ರೋಮೀಟರಿನಷ್ಟು ತೆಳುವಾದ ವಜ್ರದ ಹಾಳೆಗೆ ಹೊಡೆಯುತ್ತಾರೆ. ವಜ್ರದ ಸಾಲುಗಳನ್ನು ಪುಂಜಕ್ಕೆ ತಕ್ಕ ಕೋನದಲ್ಲಿ ಇಟ್ಟರೆ ಪ್ರತಿ ಸಾಲಿನಿಂದ ಬರುವ ವಿಕಿರಣ ಒಂದಕ್ಕೊಂದು ತಾಳ ಹೊಂದಿಸಿಕೊಂಡು, ಸುಮಾರು 9 ಜಿಇವಿಯಲ್ಲಿ ಧ್ರುವೀಕೃತ ಗಾಮಾ ಕಿರಣಗಳ ಶಿಖರ ಏಳುತ್ತದೆ. ನಿಮ್ಮ ಮನೆಯವರು ವಜ್ರಕ್ಕೆ ಸಾಣೆ ಹಿಡಿಯುವುದು ಹೊರಗಿನ ಬೆಳಕು ಒಳಗೆ ಆಡಲಿ ಎಂದು, ಇಲ್ಲಿ ಬೆಳಕು ಹುಟ್ಟುವುದೇ ಒಳಗೆ.

ಇದು ಓಣಿಯೋಟವಲ್ಲ, ಅದರ ದಾಯಾದಿ. ಓಣಿಯೊಳಗೆ ಬಳುಕುವ ಕಣವೂ ಬೆಳಕು ಚೆಲ್ಲುತ್ತದೆ, ಇದನ್ನು 1976ರಲ್ಲಿ ಹೇಳಿದವನು ಮುರಾದಿನ್ ಕುಮಾಖೊವ್. ಇಂದೋರಿನ ಇಂಡಸ್-2 ವೇಗವರ್ಧಕದಲ್ಲಿ 2.5 ಜಿಇವಿ ಇಲೆಕ್ಟ್ರಾನ್‌ಗಳನ್ನು ಸಾಲು ಅಯಸ್ಕಾಂತಗಳ ನಡುವೆ ಬಳುಕಿಸುವ ಅಂಡ್ಯುಲೇಟರುಗಳಿವೆ, ಅಲ್ಲಿ ಒಂದು ಬಳುಕಿನ ಉದ್ದ ಸೆಂಟಿಮೀಟರುಗಳಲ್ಲಿ. ಹರಳಿನ ಓಣಿಯಲ್ಲಿ 10 ಜಿಇವಿ ಪಾಸಿಟ್ರಾನ್‌ನ (ಧನಾವೇಶದ ಇಲೆಕ್ಟ್ರಾನ್) ಬಳುಕು ಬರೀ 10 ಮೈಕ್ರೋಮೀಟರ್ ಆಸುಪಾಸು. ಬಳುಕು ಗಿಡ್ಡವಾದಷ್ಟೂ ಹೊರಬರುವ ಕಿರಣ ಹರಿತ, ಆದ್ದರಿಂದ ಎಕ್ಸ್‌ಕಿರಣ ದಾಟಿ ಹತ್ತಾರು ಎಂಇವಿ (ಜಿಇವಿಯ ಸಾವಿರದಲ್ಲೊಂದು ಪಾಲು) ಗಾಮಾ ಕಿರಣಗಳು ಬರುತ್ತವೆ.

ಪಾಸಿಟ್ರಾನ್ ಎಂದೆ, ಇಲೆಕ್ಟ್ರಾನ್ ಎನ್ನಲಿಲ್ಲ, ಗಮನಿಸಿ. ಇಲೆಕ್ಟ್ರಾನಿಗೆ ಗೋಡೆಯ ಮೇಲೆಯೇ ಪ್ರೀತಿ. ಋಣಾವೇಶವಾದ್ದರಿಂದ ಅದು ಪರಮಾಣುಗಳ ಹಾಳೆಯನ್ನೇ ದಾಟಿ ದಾಟಿ ಬಳುಕುತ್ತ ನ್ಯೂಕ್ಲಿಯಸ್‌ಗಳಿಗೆ ಬಡಿದು ಬೇಗ ದಾರಿ ತಪ್ಪುತ್ತದೆ. ಜರ್ಮನಿಯ ಮೈಂಟ್ಸ್‌ನಲ್ಲಿ 855 ಎಂಇವಿ ಇಲೆಕ್ಟ್ರಾನ್‌ಗಳು ಸಿಲಿಕಾನ್ ಓಣಿಯಲ್ಲಿ ಹತ್ತಿಪ್ಪತ್ತು ಮೈಕ್ರೋಮೀಟರಿನಲ್ಲೇ ಹೊರಬಿದ್ದವು. ಒಳ್ಳೆಯ ಪಾಸಿಟ್ರಾನ್ ಪುಂಜ ಸಿಗುವುದು ಕಷ್ಟ, ಅದಕ್ಕೇ ಈ ವಿದ್ಯೆ ಪ್ರಯೋಗಾಲಯದ ಹೊಸ್ತಿಲು ದಾಟಿಲ್ಲ.

ಬೆಳಕು ಬೇಕೆಂದರೆ ಕಣ ಹರಳಿನೊಳಗೆ ಹೋಗಲೇಬೇಕೆಂದೇನೂ ಇಲ್ಲ. 1953ರಲ್ಲಿ ಹಾರ್ವರ್ಡ್‌ನಲ್ಲಿ ಸ್ಮಿತ್ ಮತ್ತು ಪರ್ಸೆಲ್ ಇಲೆಕ್ಟ್ರಾನ್ ಪುಂಜವನ್ನು ಗೀರು ಹಾಕಿದ ಲೋಹದ ಫಲಕದ ಮೈಗೆ ತಾಕಿಯೂ ತಾಕದಂತೆ ಹಾಯಿಸಿದರು. ಗೀರುಗಳ ನಡುವಣ ಅಂತರ 1.67 ಮೈಕ್ರೋಮೀಟರ್. 300 ಕೆಇವಿ, ಅಂದರೆ 3 ಲಕ್ಷ ಇಲೆಕ್ಟ್ರಾನ್ ವೋಲ್ಟಿನ ಇಲೆಕ್ಟ್ರಾನಿನ ವೇಗ ಬೆಳಕಿನ 0.78ರಷ್ಟು. ಪುಂಜದ ದಿಕ್ಕಿಗೆ 20 ಡಿಗ್ರಿಯಲ್ಲಿ ಕಣ್ಣಿಟ್ಟರೆ ತರಂಗದೂರ ಎಷ್ಟು ಬರುತ್ತದೆ? 1ನ್ನು 0.78ರಿಂದ ಭಾಗಿಸಿ, 20 ಡಿಗ್ರಿಯ ಕೊಸೈನ್ ಕಳೆದು, 1.67ರಿಂದ ಗುಣಿಸಿ. ಸುಮಾರು 0.57 ಮೈಕ್ರೋಮೀಟರ್, ಹಳದಿಹಸಿರು. ಕೋನ ಬದಲಿಸಿದರೆ ಬಣ್ಣ ಬದಲು. ಮೇಷ್ಟ್ರೇ, ಇದು ಪಿಯು ಮಕ್ಕಳೇ ಮಾಡಬಹುದಾದ ಲೆಕ್ಕ.

ಅದನ್ನೇ ತಿರುಗುಮುರುಗು ಮಾಡಿದರೆ? ಗೀರುಗಳ ಮೇಲೆ ಲೇಸರ್ ಬಿಟ್ಟರೆ ಇಲೆಕ್ಟ್ರಾನ್ ಬೆಳಕನ್ನು ನುಂಗಿ ವೇಗ ಪಡೆಯುತ್ತದೆ. 2023ರಲ್ಲಿ ಜರ್ಮನಿಯ ಎರ್ಲಾಂಗೆನ್‌ನವರು ಸಿಲಿಕಾನ್ ಕಂಬಗಳ ಎರಡು ಸಾಲು ನೆಟ್ಟು, ನಡುವಿನ 225 ನ್ಯಾನೊಮೀಟರ್ ಸಂದಿಯಲ್ಲಿ ಇಲೆಕ್ಟ್ರಾನ್‌ಗಳನ್ನು ಅರ್ಧ ಮಿಲಿಮೀಟರ್ ಓಡಿಸಿ 28.4 ಕೆಇವಿಯಿಂದ 40.7 ಕೆಇವಿಗೆ ಏರಿಸಿದರು. ಸಂದಿಯ ಗೋಡೆಗೆ ಬಡಿಯದಂತೆ ಅವನ್ನು ಹಿಡಿದಿಟ್ಟದ್ದೂ ಅದೇ ಲೇಸರ್. ಈ ಸಲ ತೋಟವನ್ನು ಮನುಷ್ಯರೇ ನೆಟ್ಟರು!


ಅನುಮಾನಪ್ಪ | ಬುಧವಾರ, ಸಂಜೆ 6:30

12 ಕೆಇವಿ ಗಳಿಕೆ. ಹಳೆಯ ಟಿವಿಯ ಚಿತ್ರನಳಿಕೆಯೇ ಅದಕ್ಕಿಂತ ಹೆಚ್ಚು ಕೊಡುತ್ತಿತ್ತು. ಮುಂದೆ ಇಂಗಾಲದ ನ್ಯಾನೊಕೊಳವೆಗಳಲ್ಲಿ ಮೇಜಿನ ಮೇಲಿನ ಎಲ್‌ಎಚ್‌ಸಿ ಬರುತ್ತದೆ ಎಂದು ಯಾರಾದರೂ ಹೇಳುವ ಮುನ್ನ ಕೇಳುತ್ತೇನೆ: ಇಷ್ಟು ಕಣ ಬಡಿಸಿಕೊಂಡ ಹರಳು ಎಷ್ಟು ದಿನ ಬಾಳುತ್ತದೆ?


ಮಲೆನಾಡಿಗ | ಬುಧವಾರ, ರಾತ್ರಿ 10:05

ನ್ಯಾನೊಕೊಳವೆಯ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಘನವಸ್ತುವಿನ ಇಲೆಕ್ಟ್ರಾನ್‌ಗಳನ್ನೇ ಅಲೆಯೆಬ್ಬಿಸಿ ಕಣಗಳನ್ನು ತಳ್ಳುವ ಯೋಚನೆ 1987ರಿಂದ ಇದೆ, ಕಾಗದದ ಮೇಲೆ ಮೀಟರಿಗೆ ಹಲವು ಲಕ್ಷ ಕೋಟಿ ವೋಲ್ಟ್ ಬರುತ್ತದೆ. ಕಾಗದದ ಮೇಲೆ.

ಬಾಳಿಕೆಯ ಪ್ರಶ್ನೆಗೆ ಉತ್ತರ ಸಮಾಧಾನಕರ. ಸರ್ನ್‌ನ ಎನ್‌ಎ48 ಪ್ರಯೋಗದಲ್ಲಿ ಒಂದು ವರ್ಷದಷ್ಟು ಕಾಲ ಪುಂಜದಲ್ಲಿ ನಿಂತ ಹರಳೊಂದು ಚದರ ಸೆಂಟಿಮೀಟರಿಗೆ 10ರ 20ನೇ ಘಾತದ ಪ್ರಮಾಣದಲ್ಲಿ ಪ್ರೋಟಾನ್ ತಿಂದಿತ್ತು. ತಿರುಗಿಸುವ ಕಸುವು ಮೂರನೇ ಒಂದರಷ್ಟು ಕುಗ್ಗಿತ್ತು, ಸತ್ತಿರಲಿಲ್ಲ. ವರ್ತುಲದಲ್ಲಿ ಇನ್ನೊಂದು ಅನುಕೂಲವೂ ಇದೆ: ಈ ಸುತ್ತಿನಲ್ಲಿ ಓಣಿ ತಪ್ಪಿದ ಕಣ ಮುಂದಿನ ಸುತ್ತಿನಲ್ಲಿ ಮತ್ತೆ ಹರಳಿಗೇ ಬರುತ್ತದೆ. ರಷ್ಯಾದ ಪ್ರೊತ್ವಿನೊದಲ್ಲಿ 2 ಮಿಲಿಮೀಟರ್ ಹರಳಿನಿಂದ 70 ಜಿಇವಿ ಪ್ರೋಟಾನ್‌ಗಳನ್ನು ಹೊರತೆಗೆಯುವ ದಕ್ಷತೆ 85%ಕ್ಕೆ ಹೋದದ್ದು ಹೀಗೆ. ಎಸ್‌ಪಿಎಸ್‌ನಲ್ಲಿ ಪುಂಜವನ್ನು ನಿಧಾನವಾಗಿ ಹೊರಬಿಡುವಾಗ ತೆಳು ತಂತಿಗಳ ಪರದೆಗೆ ಬಡಿದು ಹಾಳಾಗುವ ಕಣಗಳನ್ನು ಹರಳು ಮೊದಲೇ ಪಕ್ಕಕ್ಕೆ ಸರಿಸುತ್ತದೆ, ನಷ್ಟ ಸುಮಾರು 40% ಇಳಿದಿದೆ.


ಪಿಯು ಮೇಷ್ಟ್ರು | ಮೂರು ವಾರದ ನಂತರ, ಭಾನುವಾರ, ಮಧ್ಯಾಹ್ನ 3:20

ವರದಿ ಒಪ್ಪಿಸಲು ಬಂದಿದ್ದೇನೆ. ಪ್ಲೈವುಡ್ ಹಲಗೆಯ ಮೇಲೆ ಸಣಬಿನ ಹುರಿಯನ್ನು ಫೆವಿಕಾಲ್ ಹಾಕಿ ಮೂರು ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿ ಅಂಟಿಸಿದೆವು, ಎಲ್ಲ ಸಾಲೂ ಬಲಕ್ಕೆ ಬಾಗುವಂತೆ. ಹಳೆಯ ಕ್ಯಾಲೆಂಡರ್ ಹಾಳೆ ಮಡಚಿ ಇಳಿಜಾರು ಮಾಡಿ ಗೋಲಿ ಬಿಟ್ಟೆವು. ಇಳಿಜಾರು ತಗ್ಗಿದ್ದಾಗ ಗೋಲಿ ಹುರಿಗಳ ನಡುವೆಯೇ ಬಾಗಿಕೊಂಡು ಹೋಗಿ ಬಲಮೂಲೆಯಲ್ಲಿ ಹೊರಬಂತು. ಇಳಿಜಾರು ಎತ್ತರಿಸಿದಾಗ ಅದೇ ಗೋಲಿ ಹುರಿ ಹಾರಿ ನೆಟ್ಟಗೆ ಹೋಯಿತು. ಹೆಚ್ಚು ಶಕ್ತಿಯ ಕಣಕ್ಕೆ ಹೆಚ್ಚು ನಿಧಾನದ ಬಾಗು ಬೇಕೆಂದು ಮಕ್ಕಳೇ ಹೇಳಿದರು.

ಒಂದು ತೊಡಕು. ಆ ಹಿಂದಿನ ಬೆಂಚಿನವಳು ಬೇಕೆಂದೇ ಗೋಲಿಯನ್ನು ಬಲಕ್ಕೆ ಓರೆಯಾಗಿ ಬಿಟ್ಟಳು. ಅದು ಎರಡು ಮೂರು ಹುರಿ ದಾಟಿತು, ಹಲಗೆಯ ನಡುವೆ ಎಲ್ಲೋ ಸಾಲಿಗೆ ಸಮಾನವಾಗಿ ಒಂದು ಗಳಿಗೆ ಉರುಳಿ, ಎಡಕ್ಕೆ ಜಿಗಿಯಿತು. ಬಾಗಿದ್ದು ಬಲಕ್ಕೆ, ಗೋಲಿ ಹೋದದ್ದು ಎಡಕ್ಕೆ. ಹತ್ತು ಸಲದಲ್ಲಿ ನಾಲ್ಕು ಸಲ ಹೀಗಾಯಿತು, ಎರಡು ಸಲ ಸಾಲಿನೊಳಗೇ ಸಿಕ್ಕಿಬಿತ್ತು. ಹುರಿ ಅಂಟಿಸಿದ್ದು ಸರಿಯಿಲ್ಲ ಎಂದು ಹೇಳಿಬಿಟ್ಟೆ. ಅವಳು ಒಪ್ಪಲಿಲ್ಲ.


ಮಲೆನಾಡಿಗ | ಭಾನುವಾರ, ಸಂಜೆ 5:00

ಮೇಷ್ಟ್ರೇ, ಹುರಿ ಸರಿಯಾಗಿಯೇ ಇದೆ, ಅವಳ ಬಳಿ ಕ್ಷಮೆ ಕೇಳಿ. ತರಾತಿನ್ ಮತ್ತು ವೊರೊಬ್ಯೊವ್ ಎಂಬವರು 1987ರಲ್ಲಿ ಕಂಪ್ಯೂಟರಿನಲ್ಲಿ ಇದನ್ನೇ ಕಂಡರು. 2006ರಲ್ಲಿ ಪ್ರೊತ್ವಿನೊದಲ್ಲಿ, ಸರ್ನ್‌ನಲ್ಲಿ ಪ್ರಯೋಗಕ್ಕೂ ಸಿಕ್ಕಿತು. ಓಣಿಯ ಬಾಯಿ ತಪ್ಪಿಸಿಕೊಂಡು ಓರೆಯಾಗಿ ನುಗ್ಗಿದ ಕಣ ಹರಳಿನ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಬಾಗಿದ ಹಾಳೆಗೆ ಸಮಾನವಾಗುತ್ತದೆ, ಅಲ್ಲಿ ಹಾಳೆ ಅದನ್ನು ಬಾಗಿಗೆ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಒಳಪ್ರತಿಫಲನ ಎನ್ನಬಹುದು. 400 ಜಿಇವಿಯಲ್ಲಿ ತಿರುಗುವುದು ಬರೀ 14 ಮೈಕ್ರೋರೇಡಿಯನ್, ಆದರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಕಣಗಳು ತಿರುಗುತ್ತವೆ. ಸಿಕ್ಕಿಬೀಳುವ ಗೋಲಿಗಳಿಗೂ ಹರಳಿನಲ್ಲಿ ಅಣ್ಣತಮ್ಮಂದಿರಿದ್ದಾರೆ, ನಿಮ್ಮ ಹಲಗೆಯಲ್ಲಿ ಘರ್ಷಣೆ ಮಾಡುವ ಕೆಲಸವನ್ನು ಅಲ್ಲಿ ಚದುರುವಿಕೆ ಮಾಡುತ್ತದೆ.

ಎಷ್ಟು ಓರೆಯವರೆಗೆ ಗೋಲಿ ಹೀಗೆ ಜಿಗಿಯುತ್ತದೆಂದು ಅಳೆಯಲು ಹೇಳಿ. ಓಣಿಯ ಆ ಪುಟ್ಟ ಕೋನವಲ್ಲ, ಹುರಿ ಒಟ್ಟು ಎಷ್ಟು ಬಾಗಿದೆಯೋ ಅಷ್ಟೂ ಬರಬೇಕು.


ಪಿಯು ಮೇಷ್ಟ್ರು | ಭಾನುವಾರ, ಸಂಜೆ 5:25

ಕೋನಮಾಪಕ ಕೊಟ್ಟಿದ್ದೇನೆ. ಕ್ಷಮೆಯನ್ನೂ ನಾಳೆ ಕೇಳುತ್ತೇನೆ, ಈ ಸಲ ನಿಜವಾಗಿಯೂ ನಾಳೆಯೇ.